ಔಷಧಿ ಕುಡಿಸದೆ ಬಿಟ್ಟ ಕುರಿಗಳು

ನೈಸರ್ಗಿಕ ಆಯ್ಕೆ ಅಂದ ಕೂಡಲೇ ಲಕ್ಷಾಂತರ ವರ್ಷಗಳು, ಜಿರಾಫೆಯ ಕತ್ತು, ಕಲ್ಲಾಗಿ ಸಿಕ್ಕ ಮೂಳೆಗಳು ನೆನಪಾಗುತ್ತವೆ. ನಾನು ಅದನ್ನು ಹತ್ತಿರದಿಂದ ನೋಡಿದ್ದು ಒಂದು ಕುರಿ ಫಾರಂನಲ್ಲಿ. ಅಲ್ಲಿ ಅದು ಕ್ಯಾಲೆಂಡರ್ ಪ್ರಕಾರ ನಡೆಯುತ್ತಿತ್ತು. ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ.

ಫಾರಂ ಯಾರದು, ಎಲ್ಲಿದೆ ಅಂತ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಯಾವ ತೀರ್ಮಾನ ಯಾಕೆ ತೆಗೆದುಕೊಂಡೆವು, ಎಲ್ಲಿ ಎಡವಿದೆವು ಅನ್ನುವುದು ಮಾತ್ರ ಮುಖ್ಯ. ನಾನು ಅಲ್ಲಿಗೆ ಹೋಗುತ್ತಿದ್ದ ಪಶುವೈದ್ಯ.

ಹಿನ್ನೆಲೆ

ಸುಮಾರು ನೂರೈವತ್ತು ಕುರಿ, ಹತ್ತು ಹನ್ನೆರಡು ಆಡು. ಬೇಲಿ ಹಾಕಿದ ಐದು ಹುಲ್ಲಿನ ತಾಕು. ಎಲ್ಲಾ ಪ್ರಾಣಿಗಳ ಕಿವಿಗೆ ನಂಬರ್ ಓಲೆ, ಎಲ್ಲದಕ್ಕೂ ಪುಸ್ತಕದಲ್ಲಿ ಒಂದು ಪುಟ. ಅಷ್ಟು ಅಚ್ಚುಕಟ್ಟಾಗಿ ನಡೆಸುವವರನ್ನು ನಾನು ಕಡಿಮೆ ನೋಡಿದ್ದೇನೆ.

ಜಂತುಹುಳುವಿನ ವಿಷಯದಲ್ಲಂತೂ ಯಜಮಾನರು ಬಹಳ ಕಟ್ಟುನಿಟ್ಟು. ತಿಂಗಳ ಮೊದಲ ಭಾನುವಾರ ಇಡೀ ಹಿಂಡಿಗೆ ಆಲ್ಬೆಂಡಜೋಲ್ ಅನ್ನುವ ಜಂತುಹುಳುವಿನ ಔಷಧಿ. ಒಂದೂ ತಪ್ಪುವ ಹಾಗಿಲ್ಲ. ಮಾರನೇ ದಿನ ಇಡೀ ಹಿಂಡು ಹೊಸ ತಾಕಿಗೆ. ತಿಂಗಳುಗಟ್ಟಲೆ ಯಾವ ಪ್ರಾಣಿಯೂ ಮೇಯದೆ ಬಿಟ್ಟಿದ್ದ ತಾಕು ಅದು. ಹುಲ್ಲು ಚೊಕ್ಕಟ, ಹೊಟ್ಟೆಯೂ ಚೊಕ್ಕಟ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುತ್ತದೆ. ಒಂದು ಕಾಲದಲ್ಲಿ ಪಶುವೈದ್ಯರೇ ಕೊಡುತ್ತಿದ್ದ ಸಲಹೆ ಇದು. ನಾನೂ ಕೊಟ್ಟಿದ್ದೇನೆ.

ಏಳೆಂಟು ವರ್ಷ ಎಲ್ಲಾ ಚೆನ್ನಾಗಿಯೇ ನಡೆದಿತ್ತು.

ಗದ್ದ ಬಾವು

ಒಂದು ಮಳೆಗಾಲ ಫೋನ್ ಬಂತು. "ಡಾಕ್ಟ್ರೇ, ಔಷಧಿ ಕುಡಿಸಿ ಹತ್ತು ದಿನ ಆಗಿಲ್ಲ, ಆಗಲೇ ಗದ್ದ ಊದಿಕೊಂಡಿದೆ."

ಹೋಗಿ ನೋಡಿದೆ. ನಾಲ್ಕು ಕುರಿಗಳ ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ, ಬಿಳಿ ಕಾಗದದ ಹಾಗಿತ್ತು. ಹಿಂದಿನ ರಾತ್ರಿ ಸತ್ತ ಮರಿಯನ್ನು ಕೊಯ್ದು ನಾಲ್ಕನೇ ಹೊಟ್ಟೆ ಬಿಚ್ಚಿದೆ. ಒಳಗೋಡೆಯ ತುಂಬ ಎರಡೆರಡು ಸೆಂಟಿಮೀಟರ್ ಉದ್ದದ ಹುಳಗಳು. ಕೆಂಪು ದಾರಕ್ಕೆ ಬಿಳಿ ದಾರ ಸುತ್ತಿ ಹೊಸೆದ ಹಾಗೆ ಕಾಣುತ್ತವೆ. ಕೆಂಪು ಅಂದರೆ ಹುಳ ಕುಡಿದ ರಕ್ತ ತುಂಬಿದ ಕರುಳು. ಬಿಳಿ ಅಂದರೆ ಅದರ ಸುತ್ತ ಸುರುಳಿಯಾಗಿರುವ ಅಂಡಾಶಯ. ಈ ಹುಳದ ಹೆಸರು ಹೀಮಾಂಕಸ್ ಕಂಟಾರ್ಟಸ್. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಕೇಳಲು ಏನೂ ಅಲ್ಲ. ಆದರೆ ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿಲೀಟರ್. ಎಳೆ ಮರಿ ಎಷ್ಟು ದಿನ ತಡೆದೀತು?

ಸತ್ತ ಮರಿಯ ಪುಟ ತೆಗೆದು ನೋಡಿದೆ. ಅದಕ್ಕೂ ಅದೇ ಭಾನುವಾರ ಔಷಧಿ ಕುಡಿಸಿದ್ದರು.

ಮೊದಲು ಮಾಡಿದ್ದು

ನಕಲಿ ಮಾಲು ಇರಬೇಕು ಅನ್ನುವುದು ಯಜಮಾನರ ಮೊದಲ ಅನುಮಾನ. ಬೇರೆ ಕಂಪನಿಯ ಡಬ್ಬ ತಂದರು. ಫೆನ್‌ಬೆಂಡಜೋಲ್. ಹೆಸರು ಬೇರೆ, ಬಣ್ಣ ಬೇರೆ. ಆದರೆ ಎರಡೂ ಒಂದೇ ಗುಂಪಿನ ಔಷಧಿ, ಹುಳದ ದೇಹದಲ್ಲಿ ಹೋಗಿ ಕೂರುವುದೂ ಒಂದೇ ಜಾಗದಲ್ಲಿ. ಏನೂ ಬದಲಾಗಲಿಲ್ಲ.

ಆಮೇಲೆ ನನಗೆ ಹೇಳದೆ ಡೋಸ್ ಎರಡು ಪಟ್ಟು ಮಾಡಿದರು. ಕೆಲವು ಕುರಿ ಸ್ವಲ್ಪ ಚೇತರಿಸಿಕೊಂಡವು. ಮೂರು ವಾರಕ್ಕೆ ಮತ್ತೆ ಅದೇ ಕಥೆ. ಗಬ್ಬದ ಮೊದಲ ತಿಂಗಳಲ್ಲಿರುವ ಕುರಿಗೆ ಆಲ್ಬೆಂಡಜೋಲ್ ಕೊಡುವುದೇ ಅಪಾಯ, ಮರಿಗೆ ಅಂಗವಿಕಲತೆ ಬರಬಹುದು. ಅಂಥದ್ದರಲ್ಲಿ ಎರಡು ಪಟ್ಟು! ಆ ದಿನ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ನಿಜವಾಗಿ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇನ್ನೂ ಬಾಕಿ ಇತ್ತು. ಅಳೆದು ನೋಡುವುದು.

ಹದಿನೈದು ಕುರಿಗಳನ್ನು ಬೇರೆ ಮಾಡಿ ಎಲ್ಲವನ್ನೂ ತೂಕಕ್ಕೆ ಹಾಕಿದೆವು. ಅಲ್ಲೇ ಮೊದಲ ವಿಷಯ ಬಯಲಾಯಿತು. ಇಷ್ಟು ದಿನ ಕುರಿ ಕಾಯುವವರು ಕಣ್ಣಂದಾಜಿನಲ್ಲಿ ಡೋಸ್ ಹಾಕುತ್ತಿದ್ದರು. ದೊಡ್ಡ ಕುರಿಗಳ ತೂಕವನ್ನು ಅವರ ಅಂದಾಜು ಯಾವಾಗಲೂ ಕಡಿಮೆ ಹೇಳುತ್ತಿತ್ತು. ಅಂದರೆ ವರ್ಷಗಟ್ಟಲೆ ದೊಡ್ಡ ಕುರಿಗಳಿಗೆ ಅರೆಬರೆ ಡೋಸ್ ಹೋಗಿತ್ತು.

ಹಿಕ್ಕೆ ತೆಗೆದು ಪರೀಕ್ಷೆ ಮಾಡಿದೆ. ನಾಲ್ಕು ಗ್ರಾಂ ಹಿಕ್ಕೆಯನ್ನು ಗಾಢವಾದ ಉಪ್ಪುನೀರಲ್ಲಿ ಅರೆದು, ಸೋಸಿ, ಮ್ಯಾಕ್‌ಮಾಸ್ಟರ್ ಅನ್ನುವ, ಎಣಿಸಲು ಗೆರೆ ಹಾಕಿದ ಗಾಜಿನ ಗೂಡಿಗೆ ತುಂಬಿಸುತ್ತೇವೆ. ಐದು ನಿಮಿಷ ಬಿಟ್ಟರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಅಂಡಾಕಾರ, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಜೀವಕೋಶಗಳು. ಗೆರೆಯೊಳಗೆ ಕಂಡದ್ದನ್ನು ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಅಂತ ಸಿಗುತ್ತದೆ. ತೂಕಕ್ಕೆ ಸರಿಯಾಗಿ ಔಷಧಿ ಕುಡಿಸಿ, ಎರಡು ವಾರ ಬಿಟ್ಟು ಅವೇ ಕುರಿಗಳ ಹಿಕ್ಕೆಯನ್ನು ಮತ್ತೆ ಎಣಿಸಬೇಕು. ಔಷಧಿ ಕೆಲಸ ಮಾಡುತ್ತಿದ್ದರೆ ಮೊಟ್ಟೆ ಶೇಕಡಾ 95ಕ್ಕಿಂತ ಜಾಸ್ತಿ ಇಳಿಯಬೇಕು.

ಇಲ್ಲಿ ಅರ್ಧದಷ್ಟೂ ಇಳಿದಿರಲಿಲ್ಲ. ಎರಡನೇ ಸಲ ಗೂಡಿನೊಳಗೆ ಇಣುಕಿದಾಗ ಹಳೆಯ ಗಾಜನ್ನೇ ಮತ್ತೆ ಇಟ್ಟೆನಾ ಅಂತ ಒಂದು ಕ್ಷಣ ಅನುಮಾನ ಬಂತು.

"ಒಗ್ಗಿಹೋಗಿದೆ" ಅನ್ನುವ ಮಾತು

ಫಲಿತಾಂಶ ಹೇಳಿದಾಗ ಯಜಮಾನರು ಅಂದರು: "ಹಾಗಾದ್ರೆ ಹುಳಕ್ಕೆ ಔಷಧಿ ಒಗ್ಗಿಹೋಗಿದೆ."

ಎಲ್ಲರೂ ಹೀಗೇ ಹೇಳುತ್ತಾರೆ. ನಮ್ಮ ಮಾತೇ ನಮ್ಮನ್ನು ಇಲ್ಲಿ ದಾರಿ ತಪ್ಪಿಸುತ್ತದೆ. ಒಗ್ಗುವುದು ಅಂದರೆ ಒಂದೇ ಜೀವಿ ದಿನ ಕಳೆದಂತೆ ಅಭ್ಯಾಸ ಮಾಡಿಕೊಳ್ಳುವುದು, ಬಿಸಿಲಲ್ಲಿ ಓಡಾಡಿ ಬಿಸಿಲು ಒಗ್ಗಿದ ಹಾಗೆ. ಪಾಠಪುಸ್ತಕದ 'ಹೊಂದಾಣಿಕೆ' ಅನ್ನುವ ಪದವೂ ಅದೇ ಭಾವನೆ ಕೊಡುತ್ತದೆ, ಅಲ್ವಾ? ಹುಳ ಕಷ್ಟಪಟ್ಟು ಹೊಂದಿಕೊಂಡಿತು ಅನ್ನುವ ಹಾಗೆ. ಇಲ್ಲಿ ಯಾವ ಹುಳವೂ ಹೊಂದಿಕೊಳ್ಳಲಿಲ್ಲ. ಔಷಧಿ ತಗಲುವ ಹುಳ ಸತ್ತಿತು. ತಗಲದ ಹುಳ ಉಳಿಯಿತು, ಮೊಟ್ಟೆ ಇಟ್ಟಿತು. ಬದಲಾದದ್ದು ಹುಳವಲ್ಲ, ಹುಳಗಳ ಸಂತತಿ.

ತಗಲದ ಹುಳ ಎಲ್ಲಿಂದ ಬಂತು? ಅದು ಮೊದಲೇ ಇತ್ತು. ಈ ಗುಂಪಿನ ಔಷಧಿ ಹುಳದ ಜೀವಕೋಶದಲ್ಲಿರುವ ಬೀಟಾ ಟ್ಯುಬುಲಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು, ಅದರಿಂದ ಕಟ್ಟಬೇಕಾದ ಸಣ್ಣ ಕೊಳವೆಗಳು ಕಟ್ಟದ ಹಾಗೆ ಮಾಡುತ್ತದೆ. ಆ ಪ್ರೋಟೀನಿನ 200ನೇ ಜಾಗದಲ್ಲಿ ಫೀನೈಲ್‌ಅಲನಿನ್ ಅನ್ನುವ ಅಮೈನೊ ಆಮ್ಲದ ಬದಲು ಟೈರೋಸಿನ್ ಅನ್ನುವ ಇನ್ನೊಂದು ಬಂದರೆ ಔಷಧಿ ಸರಿಯಾಗಿ ಅಂಟುವುದಿಲ್ಲ. ಡಿಎನ್‌ಎಯಲ್ಲಿ ಇದು ಒಂದೇ ಒಂದು ಅಕ್ಷರದ ವ್ಯತ್ಯಾಸ. ಒಂದು ಹೆಣ್ಣು ಹುಳ ದಿನಕ್ಕೆ ಐದು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಒಂದು ಹಿಂಡಿನಲ್ಲಿ ಅಂಥ ಹುಳ ಎಷ್ಟು ಸಾವಿರ? ಅಷ್ಟು ಸಲ ನಕಲು ಮಾಡುವಾಗ ಒಂದು ಅಕ್ಷರ ಎಲ್ಲೋ ತಪ್ಪುವುದು ಆಶ್ಚರ್ಯವಲ್ಲ.

ಔಷಧಿಯೇ ಆ ಬದಲಾವಣೆಯನ್ನು ಹುಟ್ಟಿಸಿತು ಅಂತ ತುಂಬ ಜನ ನಂಬುತ್ತಾರೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಪ್ರಯೋಗ ನನಗೆ ಇಲ್ಲಿ ಬಹಳ ಸಹಾಯಕ್ಕೆ ಬಂತು. ಒಂದು ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕಿಗಳನ್ನು ಮಖಮಲ್ ಬಟ್ಟೆಯಿಂದ ಒತ್ತಿ, ಅದೇ ಅಚ್ಚನ್ನು ಔಷಧಿ ಇರುವ ತಟ್ಟೆಗಳಿಗೆ ಹಾಕಿದರು. ಔಷಧಿಯಲ್ಲೂ ಬದುಕಿದ ಚುಕ್ಕಿ ಯಾವ ಜಾಗದಲ್ಲಿತ್ತೋ, ಮೂಲ ತಟ್ಟೆಯಲ್ಲಿ ಅದೇ ಜಾಗದ ಬ್ಯಾಕ್ಟೀರಿಯಾ ಔಷಧಿಯ ಮುಖವನ್ನೇ ನೋಡಿರಲಿಲ್ಲ. ಆದರೂ ಅದಕ್ಕೆ ತಡೆಯುವ ಶಕ್ತಿ ಆಗಲೇ ಇತ್ತು. ಇದನ್ನು ಕೇಳಿ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಾಗಾದ್ರೆ ಆರಿಸಿದ್ದು ಯಾರು?"

ಉತ್ತರ ಅವರ ಕ್ಯಾಲೆಂಡರಿನಲ್ಲೇ ಇತ್ತು. ಕುರಿ ಹುಲ್ಲಿನ ಜೊತೆ ನುಂಗಿದ ಮರಿಹುಳ ಬೆಳೆದು ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು. ತಿಂಗಳಿಗೊಮ್ಮೆ ಔಷಧಿ ಕುಡಿಸಿದರೆ, ಔಷಧಿ ತಗಲುವ ಹುಳಕ್ಕೆ ಮೊಟ್ಟೆ ಇಡಲು ಸಿಗುವುದು ತಿಂಗಳಲ್ಲಿ ಎಂಟೊಂಬತ್ತು ದಿನ. ತಗಲದ ಹುಳಕ್ಕೆ ಪೂರ್ತಿ ಮೂವತ್ತು ದಿನ. ಇಷ್ಟೇ. ಇದಕ್ಕಿಂತ ಸ್ಪಷ್ಟವಾಗಿ ನೈಸರ್ಗಿಕ ಆಯ್ಕೆಯನ್ನು ಯಾರಿಗೂ ತೋರಿಸಲು ನನ್ನಿಂದ ಆಗಿಲ್ಲ. ಯಾರೂ ಕೂತು ಆರಿಸಬೇಕಾಗಿಲ್ಲ. ಒಬ್ಬರಿಗೆ ಒಂಬತ್ತು ದಿನ, ಇನ್ನೊಬ್ಬರಿಗೆ ಮೂವತ್ತು ದಿನ ಸಿಕ್ಕರೆ ಕೆಲವೇ ತಲೆಮಾರಿನಲ್ಲಿ ಯಾರ ಮಕ್ಕಳು ತುಂಬಿಕೊಳ್ಳುತ್ತಾರೆ ಅಂತ ಲೆಕ್ಕ ಹಾಕಬಹುದು. ಈ ಹುಳದ ತಲೆಮಾರು ಅಂದರೆ ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು.

ಹೊಸ ತಾಕಿಗೆ ಅಟ್ಟುತ್ತಿದ್ದದ್ದು ಇನ್ನೂ ದೊಡ್ಡ ಪೆಟ್ಟು. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಒಂದು ಕುರಿಯ ಹೊಟ್ಟೆಯಲ್ಲಿ ಸಾವಿರ ಹುಳ, ಔಷಧಿ ಕುಡಿದ ಮೇಲೆ ಹತ್ತು ಉಳಿದವು. ಹಳೆಯ ತಾಕಿನಲ್ಲೇ ಇದ್ದಿದ್ದರೆ ಅಲ್ಲಿನ ಹುಲ್ಲಿನಲ್ಲಿ ಔಷಧಿ ತಗಲುವ ಮರಿಹುಳಗಳು ಬೇಕಾದಷ್ಟು ಇದ್ದವು. ಆ ಹತ್ತರ ಸಂತತಿ ಅವುಗಳ ನಡುವೆ ಬೆರೆತು ಹೋಗುತ್ತಿತ್ತು. ಚೊಕ್ಕಟ ತಾಕಿಗೆ ಹೋದಾಗ? ಅಲ್ಲಿ ಬೀಳುವ ಒಂದೊಂದು ಮೊಟ್ಟೆಯೂ ಉಳಿದ ಆ ಹತ್ತರದ್ದೇ. ಒಳ್ಳೆಯ ಹುಲ್ಲನ್ನು ನಾವೇ ಅವಕ್ಕೆ ಬರೆದುಕೊಟ್ಟ ಹಾಗಾಯಿತು.

ಅರೆಬರೆ ಡೋಸ್ ಮಾಡಿದ್ದೂ ಇದನ್ನೇ. ಈ ಗುಣ ಪೂರ್ತಿ ಕಾಣಬೇಕಾದರೆ ಹುಳಕ್ಕೆ ತಂದೆ ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬರಬೇಕು. ಒಂದು ಕಡೆಯಿಂದ ಮಾತ್ರ ಬಂದ ಹುಳ ಪೂರ್ತಿ ಡೋಸಿಗೆ ಹೆಚ್ಚಾಗಿ ಸಾಯುತ್ತದೆ, ಅರೆ ಡೋಸಿಗೆ ಉಳಿದುಕೊಳ್ಳಬಹುದು. ಆಡುಗಳ ಕಥೆ ಇನ್ನೊಂದು. ಆಡಿನ ದೇಹ ಈ ಔಷಧಿಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ, ಅದಕ್ಕೆ ಹೆಚ್ಚು ಡೋಸ್ ಬೇಕು. ಇಲ್ಲಿ ಆಡುಗಳಿಗೂ ಕುರಿಯ ಡೋಸನ್ನೇ ಹಾಕುತ್ತಿದ್ದರು. ಆಡು, ಕುರಿ ಎರಡೂ ಒಂದೇ ತಾಕಿನಲ್ಲಿ ಮೇಯುತ್ತಿದ್ದವು, ಎರಡಕ್ಕೂ ಅದೇ ಹುಳ.

ಈ ಗುಂಪಿನ ಮೊದಲ ಔಷಧಿ ಥಯಾಬೆಂಡಜೋಲ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾದದ್ದು 1964ರಲ್ಲಿ. ಬೇರೆ ಗುಂಪಿನ ಜಂತುಹುಳುವಿನ ಔಷಧಿ ಐವರ್‌ಮೆಕ್ಟಿನ್ ಬಂದದ್ದು 1981ರಲ್ಲಿ, ಅದಕ್ಕೂ 1980ರ ದಶಕ ಮುಗಿಯುವುದರೊಳಗೆ ಅದೇ ಗತಿ. ಈ ಫಾರಂ ಏಳೆಂಟು ವರ್ಷ ತಡೆದಿತ್ತು. ಹಾಗೆ ನೋಡಿದರೆ ಅದೇ ಜಾಸ್ತಿ.

ತಿರುವು

ಬೇರೆ ಗುಂಪಿನ ಔಷಧಿ ಲೆವಮಿಸೋಲ್ ಪರೀಕ್ಷೆ ಮಾಡಿದೆವು. ಮೊಟ್ಟೆ ಹತ್ತಿರ ಹತ್ತಿರ ಸೊನ್ನೆಗೆ ಇಳಿಯಿತು. ಯಜಮಾನರ ಮುಖ ಅರಳಿತು. "ಸರಿ ಡಾಕ್ಟ್ರೇ, ಭಾನುವಾರ ಎಲ್ಲಕ್ಕೂ ಕುಡಿಸಿ ಮೂರನೇ ತಾಕಿಗೆ ಬಿಡ್ತೀವಿ."

ಬೇಡ ಅಂದೆ. ಹಿಂಡಿನ ಅರ್ಧಕ್ಕಿಂತ ಜಾಸ್ತಿ ಕುರಿಗಳಿಗೆ ಔಷಧಿಯೇ ಕೊಡಬೇಡಿ ಅಂದೆ.

ಆ ಮಾತು ಅವರಿಗೆ ಇಷ್ಟವಾಗಲಿಲ್ಲ. "ಹೊಟ್ಟೇಲಿ ಹುಳ ಇದೆ ಅಂತ ಗೊತ್ತಿದ್ದೂ ಬಿಟ್ಟುಬಿಡೋದಾ? ನಾಳೆ ಸತ್ರೆ?" ಕೋಪದ ಹಿಂದೆ ಭಯ ಇತ್ತು, ಅದು ನ್ಯಾಯವೂ ಆಗಿತ್ತು. ಆ ತಿಂಗಳು ಅವರು ಆರು ಮರಿಗಳನ್ನು ಹೂತಿದ್ದರು.

ಅರ್ಧ ದಿನ ಕೂತು ಮಾತಾಡಿದೆವು. ನನ್ನ ವಾದ ಇಷ್ಟು: ಲೆವಮಿಸೋಲ್‌ಗೆ ಬಗ್ಗುವ ಹುಳಗಳೇ ಈಗ ನಮ್ಮ ಆಸ್ತಿ. ಅವನ್ನು ಪೂರ್ತಿ ಕೊಂದರೆ ಉಳಿಯುವುದು ಬಗ್ಗದವು ಮಾತ್ರ. ಕೆಲವು ಕುರಿಗಳ ಹೊಟ್ಟೆಯಲ್ಲಿ, ಹಳೆಯ ತಾಕಿನ ಹುಲ್ಲಿನಲ್ಲಿ, ಅವಕ್ಕೆ ಆಸರೆ ಇರಬೇಕು. ಬಗ್ಗದ ಹುಳ ಒಂದೆರಡು ಉಳಿದರೂ ಅದಕ್ಕೆ ಜೋಡಿ ಸಿಗುವುದು ಬಗ್ಗುವ ಹುಳವೇ ಆಗಬೇಕು. ಆಗ ಅದರ ಗುಣ ಹಿಂಡಿನಲ್ಲಿ ತುಂಬಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ.

ಇದು ಸಾಧ್ಯವಾಗುವುದಕ್ಕೆ ಕಾರಣ ಇನ್ನೊಂದಿದೆ. ಹುಳಗಳು ಎಲ್ಲಾ ಕುರಿಗಳಲ್ಲಿ ಸಮನಾಗಿ ಹಂಚಿಕೊಂಡಿರುವುದಿಲ್ಲ. ಸಾಮಾನ್ಯವಾಗಿ ಹಿಂಡಿನ ಕಾಲು ಭಾಗದ ಕುರಿಗಳಲ್ಲೇ ಮುಕ್ಕಾಲು ಭಾಗಕ್ಕೂ ಹೆಚ್ಚು ಹುಳ ಇರುತ್ತವೆ. ಆ ಕಾಲು ಭಾಗವನ್ನು ಹುಡುಕಿದರೆ ಸಾಕು.

ಹುಡುಕುವುದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಪಟ್ಟಿ ಬಳಸಿದೆವು. ಐದು ಬಣ್ಣದ ಒಂದು ಕಾರ್ಡ್, ಕಡುಕೆಂಪಿನಿಂದ ಬಿಳಿಯವರೆಗೆ. ಮೇಲಿನ ರೆಪ್ಪೆಯಿಂದ ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಕೆಳರೆಪ್ಪೆ ಎಳೆದರೆ ಒಳಪೊರೆ ಆಚೆ ಬರುತ್ತದೆ. ಬಿಸಿಲಿನ ಬೆಳಕಲ್ಲಿ ಒಂದು ಸೆಕೆಂಡ್ ನೋಡಿ ಕಾರ್ಡಿಗೆ ಹೋಲಿಸಬೇಕು. ಒಂದು, ಎರಡು ಬಂದರೆ ಬಿಡುವುದು. ನಾಲ್ಕು, ಐದು ಬಂದರೆ ತೂಕ ಹಾಕಿ ಔಷಧಿ. ಮೂರು ಬಂದರೆ ಮರಿಗಳಿಗೆ, ಗಬ್ಬದ ಮತ್ತು ಹಾಲೂಡುವ ಕುರಿಗಳಿಗೆ ಮಾತ್ರ. ಲೆವಮಿಸೋಲ್ ಜಾಸ್ತಿಯಾದರೆ ವಿಷವಾಗುತ್ತದೆ, ಹಾಗಾಗಿ ಕಣ್ಣಂದಾಜು ಅಲ್ಲಿಗೇ ಮುಗಿಯಿತು. ಹೊಸ ತಾಕಿಗೆ ಬಿಡುವುದಿದ್ದರೂ ಔಷಧಿ ಕುಡಿಸಿದ ಮಾರನೇ ದಿನ ಬೇಡ ಅಂತಾಯಿತು.

ಯಜಮಾನರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಒಂದು ಮಳೆಗಾಲ ನೋಡುತ್ತೇವೆ, ಸಾವು ಜಾಸ್ತಿಯಾದರೆ ಹಳೆಯ ದಾರಿ.

ಆಮೇಲೆ

ಮೊದಲ ತಪ್ಪು ನನ್ನದು. ಮೂರು ವಾರಕ್ಕೊಮ್ಮೆ ಕಣ್ಣು ನೋಡಿದರೆ ಸಾಕು ಅಂದಿದ್ದೆ. ಬಿಟ್ಟೂಬಿಡದೆ ಮಳೆ ಹಿಡಿಯಿತು. ಬೆಚ್ಚಗೆ, ಒದ್ದೆಯಾಗಿ ಇದ್ದರೆ ಮೊಟ್ಟೆ ಒಡೆದು ಒಂದು ವಾರದಲ್ಲೇ ಮರಿಹುಳ ಹುಲ್ಲಿನ ತುದಿಗೆ ಬರುತ್ತದೆ. ಹದಿನೆಂಟನೇ ದಿನ ಎರಡು ಮರಿ ಸತ್ತವು. ಹಿಂದಿನ ಸಲ ಎರಡಕ್ಕೂ ಕಣ್ಣು 'ಎರಡು' ಅಂತ ಬರೆದಿತ್ತು. ಆ ದಿನ ಯಜಮಾನರು ಹಳೆಯ ದಾರಿಗೆ ವಾಪಸು ಹೋಗಿದ್ದರೆ ನಾನು ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ಅವರು ಹೋಗಲಿಲ್ಲ. ಮಳೆಗಾಲ ಮುಗಿಯುವವರೆಗೆ ಮರಿಗಳ ಕಣ್ಣನ್ನು ವಾರಕ್ಕೊಮ್ಮೆ, ದೊಡ್ಡವುಗಳದ್ದು ಹತ್ತು ದಿನಕ್ಕೊಮ್ಮೆ ನೋಡುವುದು ಅಂತ ಬದಲಿಸಿದೆವು. ಆ ಮೇಲೆ ಆ ಮಳೆಗಾಲದಲ್ಲಿ ಹುಳದಿಂದ ಮತ್ತೆ ಸಾವು ಆಗಲಿಲ್ಲ.

ಎರಡನೇ ವಿಷಯ ನಾವು ಹುಡುಕದೆ ಸಿಕ್ಕಿದ್ದು. ಅದನ್ನು ಗಮನಿಸಿದ್ದು ನಾನಲ್ಲ, ಕುರಿ ಕಾಯುವವರು. "ಸಾರ್, ಪ್ರತೀ ಸಲ ಅದೇ ನಂಬರ್‌ಗಳೇ ಬಿಳಿ ಬರ್ತಾವೆ." ಪುಸ್ತಕ ತೆರೆದು ನೋಡಿದರೆ ಹೌದು. ಇಪ್ಪತ್ತರ ಆಸುಪಾಸು ಕುರಿಗಳು ಮತ್ತೆ ಮತ್ತೆ ಔಷಧಿ ಬೇಡುತ್ತಿದ್ದವು. ಬಹಳಷ್ಟು ಕುರಿಗಳು ಇಡೀ ಮಳೆಗಾಲ ಒಂದು ಸಲವೂ ಕೇಳಿರಲಿಲ್ಲ, ಅದೇ ಹುಲ್ಲು ಮೇಯ್ದಿದ್ದರೂ.

ಆಗ ನನಗೆ ಹೊಳೆದದ್ದು ಇದು. ತಿಂಗಳ ಭಾನುವಾರ ಎರಡು ಕೆಲಸ ಮಾಡುತ್ತಿತ್ತು. ಒಂದು ಕಡೆ ಗಟ್ಟಿ ಹುಳಗಳನ್ನು ಆರಿಸುತ್ತಿತ್ತು. ಇನ್ನೊಂದು ಕಡೆ, ಹುಳ ತಡೆಯಲಾಗದ ಕುರಿ ಯಾವುದು, ತಡೆಯುವ ಕುರಿ ಯಾವುದು ಅಂತ ಕಾಣದ ಹಾಗೆ ಮುಚ್ಚಿಡುತ್ತಿತ್ತು. ಎಲ್ಲಕ್ಕೂ ಔಷಧಿ ಕೊಟ್ಟರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹುಳ ತಡೆಯುವ ಶಕ್ತಿ ಕುರಿಗಳಲ್ಲೂ ಸ್ವಲ್ಪ ಮಟ್ಟಿಗೆ ವಂಶದಿಂದ ಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹಿಕ್ಕೆಯ ಮೊಟ್ಟೆ ಎಣಿಸಿಯೇ ತಳಿಯ ಟಗರು ಆರಿಸುವ ಪದ್ಧತಿ ಇದೆ. ಹುಳ ಮುಂದೆ ಹೋಗುತ್ತಿತ್ತು, ಕುರಿಯನ್ನು ನಾವು ನಿಂತಲ್ಲೇ ನಿಲ್ಲಿಸಿದ್ದೆವು.

ಮತ್ತೆ ಮತ್ತೆ ಬಿಳಿ ಬಂದ ಕುರಿಗಳನ್ನು ಮುಂದಿನ ವರ್ಷ ಮರಿಗೆ ಬಿಡಲಿಲ್ಲ. ಮೈಕಟ್ಟು ನೋಡಿ ಇಟ್ಟುಕೊಂಡಿದ್ದ ದೊಡ್ಡ ಟಗರು ಕೂಡ ಆ ಪಟ್ಟಿಯಲ್ಲಿತ್ತು. ಅದನ್ನು ಕೈಬಿಡುವುದು ಯಜಮಾನರಿಗೆ ಔಷಧಿ ಬಿಡುವುದಕ್ಕಿಂತ ಕಷ್ಟವಾಯಿತು. ಒಂದು ವಾರ ತಗೊಂಡರು. ಬದಲಿಗೆ ತಂದ ಟಗರನ್ನು ಬೇರೆ ಕಡೆ ಕಟ್ಟಿ, ಅದರ ಹಿಕ್ಕೆ ನೋಡಿ, ಔಷಧಿ ಕುಡಿಸಿ, ಮತ್ತೆ ಹಿಕ್ಕೆ ನೋಡಿಯೇ ಒಳಗೆ ಬಿಟ್ಟೆವು. ಹೊರಗಿನಿಂದ ಬಂದ ಒಂದು ಪ್ರಾಣಿ ಸಾಕು, ಬಗ್ಗದ ಹುಳ ಹೊತ್ತು ತರುವುದಕ್ಕೆ.

ಮೂರನೇ ವರ್ಷ ಎರಡೂ ಔಷಧಿಗಳನ್ನು ಮತ್ತೆ ಪರೀಕ್ಷಿಸಿದೆ. ಲೆವಮಿಸೋಲ್ ಈಗಲೂ ಶೇಕಡಾ 95ರ ಮೇಲೇ ಇತ್ತು. ಆಲ್ಬೆಂಡಜೋಲ್? ಮೂರು ವರ್ಷ ಮುಟ್ಟಿರಲಿಲ್ಲ. ಅದು ಮತ್ತೆ ಕೆಲಸ ಮಾಡಬಹುದು ಅಂತ ಯಜಮಾನರಿಗೆ ಆಸೆ ಇತ್ತು, ನನಗೂ ಸ್ವಲ್ಪ ಇತ್ತು. ಹೆಚ್ಚು ಕಡಿಮೆ ಮೊದಲಿನಷ್ಟೇ ಇಳಿಯಿತು. ಆ ಜೀನ್ ಹಿಂಡಿನ ಹುಳಗಳಲ್ಲಿ ಮನೆ ಮಾಡಿಬಿಟ್ಟಿತ್ತು. ಅದನ್ನು ಹೊತ್ತ ಹುಳಕ್ಕೆ ಔಷಧಿ ಇಲ್ಲದಾಗ ತೊಂದರೆ ಏನೂ ಆಗದಿದ್ದರೆ, ಅದನ್ನು ಹಿಂದಕ್ಕೆ ತಳ್ಳುವ ಒತ್ತಡವೂ ಇರುವುದಿಲ್ಲ. ಔಷಧಿ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದೆ ಅಂತ ಕಾಯುವವರಿಗೆ ನಾನು ಈ ಫಲಿತಾಂಶವನ್ನೇ ತೋರಿಸುತ್ತೇನೆ. ಅವರು ಆಲ್ಬೆಂಡಜೋಲ್ ಕಳೆದುಕೊಂಡರು. ಲೆವಮಿಸೋಲ್ ಅನ್ನು ಮಾತ್ರ ಇನ್ನೂ ಉಳಿಸಿಕೊಂಡಿದ್ದಾರೆ.

ಮೊನ್ನೆ ಹೋದಾಗ ಕಣ್ಣು ನೋಡುವ ದಿನ. ದೊಡ್ಡಿಯ ಬಾಗಿಲಲ್ಲಿ ಕುರಿ ಕಾಯುವವರು ಒಂದೊಂದನ್ನೇ ಹಿಡಿದು ರೆಪ್ಪೆ ಎಳೆಯುತ್ತಿದ್ದರು. ಯಜಮಾನರು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದರು. ಮೂರು ಮಳೆಗಾಲದಿಂದ ಒಂದು ಹನಿ ಔಷಧಿ ಕೇಳದ ಒಂದು ಕುರಿ ಬಂತು, ಅದರ ಹಿಂದೆಯೇ ಈ ವರ್ಷದ ಅದರ ಮರಿ. ಕಾರ್ಡ್ ಬೇಕಾಗಲೇ ಇಲ್ಲ.

"ಕೆಂಪು. ಬಿಡ್ಲಾ?"

ಯಜಮಾನರು ಬರೆಯುತ್ತಲೇ ಅಂದರು: "ಬಿಡು. ಮರೀದೂ ನೋಡು."